ಸಾಸಿವೆ ಇಳಿದಷ್ಟು ಹೊತ್ತು

ಒಂದೂವರೆ ಕಿಲೋ ಸಾಸಿವೆ ಯಾಕೆ ಅಂತ ಅಂಗಡಿಯವರು ಕೇಳಲಿಲ್ಲ, ಮನೆಯಲ್ಲಿ ಕೇಳಿದರು. "ಗಾಡಿಗೆ" ಅಂದೆ. ಮೇ ತಿಂಗಳಿನಿಂದ ಜಗಲಿಯ ತುಂಬ ಮರದ ಹೊಟ್ಟು ನೋಡಿ ನೋಡಿ ಸಾಕಾಗಿದ್ದವರಿಗೆ ಅಷ್ಟು ಉತ್ತರ ಸಾಕಾಯಿತು. "ಒಗ್ಗರಣೆ ಡಬ್ಬಿಗೆ ಮಾತ್ರ ಕೈ ಹಾಕಬೇಡ" ಅಂದರು.

ಗಾಡಿಗೆ ಸಾಸಿವೆ ಹಾಕು ಅಂತ ಹೇಳಿದವನು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹೆರೋನ್, ಗ್ರೀಕ್ ಯಂತ್ರಶಿಲ್ಪಿ. ಕ್ರಿ.ಶ. 1ನೇ ಶತಮಾನದವನು. ಅವನ ಇನ್ನೊಂದು ಬರಹದಲ್ಲಿ ಒಂದು ಚಂದ್ರಗ್ರಹಣದ ಮಾತು ಬರುತ್ತದೆ, ಅದು 62ರ ಗ್ರಹಣ ಎಂದು ಲೆಕ್ಕ ಹಾಕಿದ ಮೇಲೆ ವಿದ್ವಾಂಸರು ಅವನನ್ನು ಆ ಕಾಲಕ್ಕೆ ಕೂರಿಸಿದರು. ತಾನಾಗಿ ಚಲಿಸುವ ಗೊಂಬೆಗಳನ್ನು ಮಾಡುವುದು ಹೇಗೆ ಎಂಬುದಕ್ಕೇ ಅವನು ಒಂದು ಪುಸ್ತಕ ಬರೆದಿಟ್ಟಿದ್ದಾನೆ. ಅದರಲ್ಲಿ ಎರಡೇ ಆಟಗಳಿವೆ. ಒಂದು, ನೆಲದ ಮೇಲೆ ತಾನೇ ಉರುಳಿ ಬಂದು ನಿಂತು, ಪ್ರದರ್ಶನ ಕೊಟ್ಟು, ಹೊರಟಲ್ಲಿಗೇ ವಾಪಸು ಹೋಗುವ ಡಯೋನೈಸಸ್ ದೇವರ ಗುಡಿ. ಬಲಿಪೀಠದಲ್ಲಿ ಬೆಂಕಿ ಏಳುತ್ತದೆ, ದೇವರ ಕೈಯ ದಂಡದಿಂದ ಹಾಲೋ ನೀರೋ ಸುರಿಯುತ್ತದೆ, ಬಟ್ಟಲಿನಿಂದ ದ್ರಾಕ್ಷಾರಸ ಕೆಳಗಿನ ಪುಟ್ಟ ಚಿರತೆಯ ಮೇಲೆ ಬೀಳುತ್ತದೆ, ಸುತ್ತ ಹೆಂಗಸರು ಕುಣಿಯುತ್ತಾರೆ, ತಾಳ ಮದ್ದಳೆ ಕೇಳುತ್ತದೆ. ಇನ್ನೊಂದು, ಕಂಬದ ಮೇಲೆ ನಿಂತಲ್ಲೇ ಬಾಗಿಲು ತೆರೆದು ಮುಚ್ಚಿ ಕಥೆ ಹೇಳುವ ಚಿಕ್ಕ ರಂಗಮಂದಿರ.

ಇದರ ಇಂಗ್ಲಿಷ್ ಅನುವಾದ ಓದಿದಾಗ ನನಗೆ ಹಿಡಿಸಿದ್ದು ದೇವರೂ ಅಲ್ಲ, ಬೆಂಕಿಯೂ ಅಲ್ಲ. ಬಡಗಿ ಕೆಲಸ ಗೊತ್ತಿರುವವನೊಬ್ಬ ಇನ್ನೊಬ್ಬ ಬಡಗಿಗೆ ಹೇಳುವ ಹಾಗೆ ಬರೆದಿದ್ದಾನಲ್ಲ, ಆ ದನಿ. ಇಲ್ಲಿ ತೂತು ಹಾಕು, ಅಲ್ಲಿ ಗೂಟ ಹೊಡೆ, ದಾರಕ್ಕೆ ಮೇಣ ಹಚ್ಚು. ನಾನು ಬಡಗಿಯಲ್ಲ. ಒಂದು ಗರಗಸ, ಎರಡು ಉಳಿ, ಒಂದು ಉಜ್ಜುಗೊರಡು, ಸಾಲ ತಂದ ಡ್ರಿಲ್ ಇಟ್ಟುಕೊಂಡು ಭಾನುವಾರಕ್ಕೆ ಸ್ಟೂಲು ಶೆಲ್ಫು ಮಾಡುವ ಪೈಕಿ. ಮೊದಲು ಉರುಳುವ ಗಾಡಿಯನ್ನೇ ಮಾಡುತ್ತೇನೆ ಅಂತ ಹೊರಟೆ. ನಿಂತಲ್ಲಿ ಆಡುವ ಆಟ ಹೆಚ್ಚು ಸುರಕ್ಷಿತ, ಅಪಾಯ ಕಡಿಮೆ ಅಂತ ಹೆರೋನ್ ಸ್ಪಷ್ಟವಾಗಿ ಬರೆದಿದ್ದಾನೆ. ಆ ಸಾಲನ್ನು ಓದಿಯೂ ಓದದವನ ಹಾಗೆ ಪುಟ ತಿರುವಿದ್ದೆ. ಹಾಗೆ ತಿರುವಿದ ಸಾಲು ಅದೊಂದೇ ಅಲ್ಲ.

ಅಳತೆಯಲ್ಲಿ ತೊಂದರೆಯಾಗಲಿಲ್ಲ. ಗಾಡಿಯ ಪೀಠ ಒಂದು ಮೊಳ ಉದ್ದ, ನಾಲ್ಕು ಹಿಡಿ ಅಗಲ, ಮೂರು ಹಿಡಿ ಎತ್ತರ. ಗ್ರೀಕರ ಮೊಳವೂ ಮೊಳಕೈಯಿಂದ ಬೆರಳ ತುದಿಯವರೆಗಿನದು, ಅದಕ್ಕೂ ಇಪ್ಪತ್ನಾಲ್ಕು ಬೆರಳು. ನಮ್ಮ ಹಳೆಯ ಹಸ್ತಕ್ಕೆ ಇಪ್ಪತ್ನಾಲ್ಕು ಅಂಗುಲ ಇದ್ದ ಹಾಗೆ. ಟೇಪಿನಲ್ಲಿ 46, 31, 23 ಸೆಂಟಿಮೀಟರ್ ಆಯಿತು. ಇದಕ್ಕಿಂತ ದೊಡ್ಡದು ಮಾಡಬೇಡ ಅನ್ನುತ್ತಾನೆ. ಯಾಕೆಂದರೆ, ದೊಡ್ಡದಾದರೆ ಒಳಗೆ ಯಾರೋ ಕೂತು ಆಡಿಸುತ್ತಿದ್ದಾರೆ ಅಂತ ನೋಡುವವರಿಗೆ ಅನುಮಾನ ಬರುತ್ತದಂತೆ.

ಸಾ ಮಿಲ್ಲಿನಲ್ಲಿ ಉಳಿದಿದ್ದ ಸಿಲ್ವರ್ ಓಕ್ ತುಂಡುಗಳನ್ನು ತಂದೆ. ಪೀಠದ ಮೇಲೆ ಒಂದು ಚೌಕ ಗೋಪುರ, ಒಳ ಅಳತೆ 9 ಸೆಂಟಿಮೀಟರ್, ಎತ್ತರ 40. ಅದರೊಳಗೆ ಧಾನ್ಯ, ಧಾನ್ಯದ ಮೇಲೆ ಭಾರ. ಗೋಪುರದ ಬುಡದಲ್ಲಿ ಒಂದು ತೂತು. ಧಾನ್ಯ ತೂತಿನಿಂದ ಕೆಳಗಿನ ಡ್ರಾಯರಿಗೆ ಸೋರಿದ ಹಾಗೆ ಭಾರ ಕುಸಿಯುತ್ತದೆ. ಭಾರಕ್ಕೆ ಕಟ್ಟಿದ ದಾರ ಗೋಪುರದ ತಲೆಯ ಮೇಲಿನ ರಾಟೆ ಬಳಸಿ ಕೆಳಗೆ ಬಂದು ಚಕ್ರದ ಅಚ್ಚಿಗೆ ಸುತ್ತಿಕೊಂಡಿರುತ್ತದೆ. ಭಾರ ಇಳಿದಂತೆ ದಾರ ಬಿಚ್ಚುತ್ತದೆ, ಅಚ್ಚು ತಿರುಗುತ್ತದೆ, ಗಾಡಿ ಹೊರಡುತ್ತದೆ. ಎಂಜಿನ್ ಇಷ್ಟೇ.

ಧಾನ್ಯ ಯಾಕೆ, ನೀರು ಯಾಕಲ್ಲ? ಹಂಡೆಯ ನೀರು ತುಂಬಿದ್ದಾಗ ಜೋರಾಗಿ, ಖಾಲಿಯಾಗುತ್ತ ಬಂದಂತೆ ನಿಧಾನವಾಗಿ ಸೋರುತ್ತದೆ. ಕಾಳು ಹಾಗಲ್ಲ. ಎಷ್ಟು ಎತ್ತರ ತುಂಬಿದ್ದರೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸುರಿಯುತ್ತದೆ, ಮೇಲಿನ ಭಾರವನ್ನು ಕಾಳುಗಳು ಒಂದಕ್ಕೊಂದು ಒರಗಿ ಗೋಡೆಗೆ ದಾಟಿಸಿಬಿಡುತ್ತವೆ. ಮರಳುಗಡಿಯಾರ ನಡೆಯುವುದೂ ಹೀಗೇ. ಉರುಳುವ ಗಾಡಿಗೆ ಕೆಂಖ್ರೋಸ್ ಅಥವಾ ಸಾಸಿವೆ, ನಿಂತ ಆಟಕ್ಕೆ ಒಣ ಮರಳು, ಅನ್ನುತ್ತಾನೆ ಹೆರೋನ್. ಕಾಳು ಹಗುರ, ಜಾರುವ ಗುಣವೂ ಇದೆ, ಅದಕ್ಕೆ. ಕೆಂಖ್ರೋಸ್ ಅಂದರೆ ನಮ್ಮ ಬರಗು. ಯುರೋಪಿನವರು ಇದನ್ನು ಓದಿ ಬರಗನ್ನು ಎಲ್ಲಿಂದ ತರುತ್ತಾರೋ, ಇಲ್ಲಿ ಸಿರಿಧಾನ್ಯದ ಅಂಗಡಿಗೆ ಹೋದರೆ ಪೊಟ್ಟಣದಲ್ಲಿದೆ.

ರಾಗಿ, ಬರಗು, ಸಾಸಿವೆ ಮೂರನ್ನೂ ಸುರಿದು ನೋಡಿದೆ. ರಾಗಿ ಚೆನ್ನಾಗಿ ಇಳಿಯಿತು, ಆದರೆ ಅದರ ಧೂಳು ಅಚ್ಚಿನ ಗುಳಿಯಲ್ಲಿ ಕೂತು ಕಿರ್ರೆನ್ನತೊಡಗಿತು. ಬರಗು ಪರವಾಗಿಲ್ಲ. ಎಲ್ಲಕ್ಕಿಂತ ನಯವಾಗಿ, ಒಂದೇ ಸಮ ಇಳಿದದ್ದು ಸಾಸಿವೆ. 8 ಮಿಲಿಮೀಟರ್ ತೂತಿನಲ್ಲಿ ಆಗಾಗ ಕಾಳು ಕಮಾನು ಕಟ್ಟಿಕೊಂಡು ನಿಂತುಬಿಡುತ್ತಿತ್ತು, ಗೋಪುರಕ್ಕೆ ಬೆರಳಲ್ಲಿ ಕುಟ್ಟಬೇಕು. 10ಕ್ಕೆ ಹಿಗ್ಗಿಸಿದಾಗ ಇಡೀ ಗೋಪುರ ಬರಿದಾಗಲು ಐದು ನಿಮಿಷದ ಹತ್ತಿರ. 12ಕ್ಕೆ ಹಿಗ್ಗಿಸಿದಾಗ 2 ನಿಮಿಷ 40 ಸೆಕೆಂಡ್. ಅಲ್ಲಿಗೆ ನಿಲ್ಲಿಸಿದೆ. ಐದು ನಿಮಿಷ ನೋಡುವ ತಾಳ್ಮೆ ನನಗೇ ಇರಲಿಲ್ಲ.

ಮೊದಲ ದಿನವೇ ಒಂದು ಪಾಠ. ಭಾರಕ್ಕೆ ಮರದ ಚೌಕ ದಿಮ್ಮಿ ಮಾಡಿ ಅದರ ಮೇಲೆ ಹಳೆಯ ತೂಕದ ಬಟ್ಟುಗಳನ್ನು ಕೂರಿಸಿದ್ದೆ, ಒಟ್ಟು 2 ಕಿಲೋ. (ಹೆರೋನ್ ಸೀಸ ಬಳಸುತ್ತಾನೆ. ಅಡುಗೆಮನೆಯ ಕಾಳಿನ ಜೊತೆ ಸೀಸ ಬೇಡ ಅನ್ನಿಸಿತು.) ದಿಮ್ಮಿಗೂ ಗೋಡೆಗೂ ನಡುವೆ ಎರಡು ಮಿಲಿಮೀಟರ್ ಸಂದು ಬಿಟ್ಟಿದ್ದೆ. ಸಾಸಿವೆ ಕಾಳಿನ ಗಾತ್ರವೂ ಸರಿಯಾಗಿ ಅಷ್ಟೇ! ಒಂದೊಂದೇ ಕಾಳು ಸಂದಿಗೆ ನುಗ್ಗಿ ಬೆಣೆಯ ಹಾಗೆ ಕಚ್ಚಿಕೊಂಡು, ಭಾರ ಅರ್ಧದಲ್ಲಿ ನೇತಾಡಿತು. ಕೆಳಗಿನ ಸಾಸಿವೆಯೆಲ್ಲ ಸೋರಿ ಹೋದರೂ ಭಾರ ಅಲ್ಲೇ. ಎಳೆದು ತೆಗೆದರೆ ಅರೆದ ಸಾಸಿವೆಯ ಘಾಟು, ಗೋಡೆಗೆಲ್ಲ ಎಣ್ಣೆ. ಸಂದನ್ನು ಅರ್ಧ ಮಿಲಿಮೀಟರಿಗೆ ಇಳಿಸಿದೆ. ಜೂನಿನಲ್ಲಿ ಮಳೆ ಹಿಡಿದು ಮರ ಉಬ್ಬಿತು, ದಿಮ್ಮಿಯೇ ಸಿಕ್ಕಿಕೊಂಡಿತು. ಕೊನೆಗೆ ದಿಮ್ಮಿಯನ್ನು ಎಸೆದು, ತಗಡಿನ ಚೌಕ ಕತ್ತರಿಸಿ ಅಂಚು ಮಡಚಿ, ಅದರ ಮೇಲೆ ಬಟ್ಟುಗಳನ್ನು ಕಟ್ಟಿದೆ. ತಗಡು ಮಳೆಗೆ ಉಬ್ಬುವುದಿಲ್ಲ.

ಇನ್ನು ದಾರ. ಈ ಇಡೀ ವಿದ್ಯೆ ಇರುವುದು ದಾರದಲ್ಲಿ. ಮರದ ಕೆಲಸ ಬರೀ ದಾರಕ್ಕೆ ಮನೆ.

ಅಚ್ಚು 12 ಮಿಲಿಮೀಟರ್ ದಪ್ಪದ ಸಾಗುವಾನಿ ಕೋಲು, ಚಕ್ರ 12 ಸೆಂಟಿಮೀಟರ್. ಅಚ್ಚಿನ ನಡುವೆ ಒಂದು ಚಿಕ್ಕ ಗೂಟ. ದಾರದ ತುದಿಯನ್ನು ಗೂಟಕ್ಕೆ ಸಿಕ್ಕಿಸಿ ಬಲಕ್ಕೆ ಮೂರು ಸುತ್ತು ಸುತ್ತಿದರೆ, ಬಿಚ್ಚುವಾಗ ಅಚ್ಚು ಒಂದು ದಿಕ್ಕಿಗೆ ಮೂರು ಸುತ್ತು ತಿರುಗುತ್ತದೆ. ಈಗ ಅದೇ ದಾರವನ್ನು ಗೂಟಕ್ಕೆ ಬಳಸಿ ಎಡಕ್ಕೆ ಮೂರು ಸುತ್ತು ಸುತ್ತಿ. ಬಿಚ್ಚುವಾಗ ಮೊದಲು ಈ ಎಡದ ಸುತ್ತು ಬಿಚ್ಚುತ್ತದೆ, ಗಾಡಿ ಮುಂದೆ ಹೋಗುತ್ತದೆ. ಆಮೇಲೆ ಬಲದ ಸುತ್ತು ಬಿಚ್ಚುತ್ತದೆ, ಗಾಡಿ ಹಿಂದೆ ಬರುತ್ತದೆ. ನಡುವೆ ಗಾಡಿ ನಿಲ್ಲಬೇಕೋ? ಎರಡು ಸುತ್ತಿನ ನಡುವೆ ನಾಲ್ಕು ಸೆಂಟಿಮೀಟರ್ ದಾರವನ್ನು ಸಡಿಲ ಕುಣಿಕೆ ಮಾಡಿ ಮೇಣದಲ್ಲಿ ಅಂಟಿಸಿಬಿಡಿ. ಭಾರ ಇಳಿಯುತ್ತಲೇ ಇರುತ್ತದೆ, ಆದರೆ ಆ ಸಡಿಲ ದಾರ ಬಿಗಿಯಾಗುವವರೆಗೆ ಅಚ್ಚಿಗೆ ಸುದ್ದಿ ತಲುಪುವುದಿಲ್ಲ. ನನ್ನ ಸಾಸಿವೆಯ ಲೆಕ್ಕದಲ್ಲಿ ನಾಲ್ಕು ಸೆಂಟಿಮೀಟರ್ ಅಂದರೆ 21 ಸೆಕೆಂಡ್ ಮೌನ. ಡಯೋನೈಸಸ್ ಹಾಲು ಸುರಿಸುವುದು, ಹೆಂಗಸರು ಕುಣಿಯುವುದು ಎಲ್ಲ ಇಂಥ ಮೌನದಲ್ಲೇ, ಬೇರೆ ದಾರಗಳಿಂದ.

ಶೆಫೀಲ್ಡ್ ವಿಶ್ವವಿದ್ಯಾಲಯದ ನೋಯೆಲ್ ಶಾರ್ಕಿ 2007ರಲ್ಲಿ ಇಂಥದೊಂದು ಗಾಡಿ ಮಾಡಿ ತೋರಿಸಿ, ಇದು ಪ್ರೋಗ್ರಾಮ್ ಮಾಡಬಹುದಾದ ರೋಬೋ ಅಂದರು. ಓದಿದಾಗ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತ್ತು. ದಾರ ಸುತ್ತಲು ಕೂತ ಮೇಲೆ ಅನ್ನಿಸಲಿಲ್ಲ. ಗರಗಸ ಮುಟ್ಟದೆ, ಮೊಳೆ ಕೀಳದೆ, ಬರೀ ದಾರವನ್ನು ಬೇರೆ ರೀತಿ ಸುತ್ತಿದರೆ ಗಾಡಿಯ ನಡೆ ಬೇರೆಯಾಗುತ್ತದೆ. ಕಷ್ಟ ಏನೆಂದರೆ, ಕೊನೆಗೆ ಆಗಬೇಕಾದ್ದನ್ನು ಮೊದಲು ಸುತ್ತಬೇಕು. ಆಟವನ್ನು ಮಂಗಳದಿಂದ ಶುರುಮಾಡಿ ಗಣಪತಿ ಪೂಜೆಗೆ ಮುಗಿಸಿದ ಹಾಗೆ. ನಾನು ಒಂದು ಚೀಟಿಯಲ್ಲಿ ಮುಂದೆ, ನಿಲ್ಲು, ಹಿಂದೆ ಅಂತ ಬರೆದುಕೊಂಡು, ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಸುತ್ತುತ್ತಿದ್ದೆ. ಎರಡು ಸಲ ಮೇಲಿನಿಂದ ಓದಿ, ಗಾಡಿ ಹಿಂದಕ್ಕೆ ಹೊರಟು ಗೋಡೆಗೆ ಗುದ್ದಿತು.

ಸರಿಯಾಗಿ ನಡೆದ ಮೊದಲ ದಿನ ನಮ್ಮ ಹಳೆಯ ಕೆಂಪು ಗಾರೆ ನೆಲದ ಮೇಲೆ ಸುಮಾರು ಒಂದು ಮೀಟರ್ ಹತ್ತು ಸೆಂಟಿಮೀಟರ್ ಮುಂದೆ ಹೋಯಿತು. ಅಷ್ಟಕ್ಕೆ ಒಂದು ನಿಮಿಷ. ತೇರಿನ ನಡಿಗೆ. ನಿಂತಿತು. ಸಾಸಿವೆ ಸುರಿಯುವ ಸಣ್ಣ ಸರ್‍ರ್ ಸದ್ದು ಬಿಟ್ಟರೆ ಏನೂ ಇಲ್ಲ. ಆ 21 ಸೆಕೆಂಡ್ ನಾನು ಉಸಿರು ಹಿಡಿದುಕೊಂಡಿದ್ದೆ ಅಂದರೆ ಉತ್ಪ್ರೇಕ್ಷೆಯೇನಲ್ಲ, ಯಾಕೆಂದರೆ ಹಿಂದಿನ ಆರು ಸಲ ಹೀಗೆ ನಿಂತದ್ದು ನಿಂತೇ ಬಿಟ್ಟಿತ್ತು. ಟಕ್ ಅಂತ ಮೇಣ ಬಿಟ್ಟಿತು. ಗಾಡಿ ಹಿಂದೆ ಬರತೊಡಗಿತು.

ಪಕ್ಕದ ಕೋಣೆಯಲ್ಲಿ ಟೈಲ್ಸ್ ಇದೆ. ಅಲ್ಲಿ ಓಡಿಸಲು ಹೋದೆ. ಮೊದಲ ಸಂದಿನಲ್ಲೇ ಚಕ್ರ ಇಳಿದು ಕೂತಿತು. ಎರಡು ಕಿಲೋ ಭಾರ ಆರು ಮಿಲಿಮೀಟರ್ ತೋಳಿನಿಂದ ಎಳೆದರೆ ಚಕ್ರದ ಅಂಚಿಗೆ ಬರುವ ಬಲ 200 ಗ್ರಾಮಿನಷ್ಟು, ಟೈಲ್ಸಿನ ಸಂದೂ ಅದಕ್ಕೆ ಹಳ್ಳವೇ. ನೆಲ ಗಟ್ಟಿಯಾಗಿ, ಸಮನಾಗಿ, ನುಣುಪಾಗಿ ಇರಬೇಕು, ಇಲ್ಲದಿದ್ದರೆ ಹಲಗೆ ಹಾಸು ಅಂತ ಹೆರೋನ್ ಹೇಳಿದ್ದನಲ್ಲ. ಪ್ಲೈವುಡ್ ಪಟ್ಟಿ ಹಾಸಿದೆ, ನಡೆಯಿತು.

ಆಮೇಲೆ ಮಳೆ ಕೂತಿತು. ಮೂರು ದಿನ ಬಿಟ್ಟು ಗಾಡಿ ಬಿಟ್ಟರೆ ಹೊರಟ ಗುರುತಿಗೆ ವಾಪಸು ಬರುವುದೇ ಇಲ್ಲ. ಒಂದು ದಿನ ಅರ್ಧ ಅಡಿ ಆಚೆ, ಇನ್ನೊಂದು ದಿನ ಮಧ್ಯದ ನಿಲುಗಡೆಯೇ ಮಾಯ. ಮರ ಬಿಚ್ಚಿ ನೋಡಿದೆ, ಅಚ್ಚಿಗೆ ಎಣ್ಣೆ ಬಿಟ್ಟೆ, ಚಕ್ರ ಉಜ್ಜಿದೆ. ಒಂದು ವಾರ ಹಾಳು. ತಪ್ಪು ದಾರದ್ದು. ನೂಲಿನ ಹುರಿ ತೇವ ಕುಡಿದು ದಪ್ಪವಾಗಿ ಉದ್ದ ಬದಲಾಯಿಸಿಕೊಳ್ಳುತ್ತಿತ್ತು. ನೈಲಾನ್ ಹಾಕಿದರೆ ಭಾರಕ್ಕೆ ರಬ್ಬರಿನಂತೆ ಹಿಗ್ಗುತ್ತಿತ್ತು. ಪುಸ್ತಕ ತೆಗೆದರೆ, ಮತ್ತೆ, ಎಲ್ಲ ಅಲ್ಲೇ ಇದೆ. ದಾರ ಹಿಗ್ಗಲೂಬಾರದು ಕುಗ್ಗಲೂಬಾರದು. ಎರಡು ಗೂಟಗಳ ನಡುವೆ ಬಿಗಿದು ಬಿಡು, ಸಡಿಲಾದರೆ ಮತ್ತೆ ಬಿಗಿ, ಹೀಗೆ ಹಲವು ಸಲ. ಮೇಣಕ್ಕೆ ರಾಳ ಸೇರಿಸಿ ಸವರು. ಭಾರ ಕಟ್ಟಿ ತೂಗುಹಾಕು. ನರದ ಹುರಿ ಬೇಡವೇ ಬೇಡ, ಅದು ಹವೆಗೆ ತಕ್ಕಂತೆ ಬದಲಾಗುತ್ತದೆ. ಈಜಿಪ್ಟಿನ ಕಡಿಮೆ ಮಳೆಯ ಬಂದರಿನಲ್ಲಿ ಕೂತವನಿಗೆ ಇಷ್ಟು ಎಚ್ಚರ, ಮಲೆನಾಡಿನ ಮಳೆಯಲ್ಲಿ ಕೂತ ನನಗೆ ಇಲ್ಲ.

ಜಗಲಿಯ ಎರಡು ಕಂಬಗಳಿಗೆ ಹುರಿ ಬಿಗಿದೆ. ಜೇನುಮೇಣ ಕರಗಿಸಿ ರಾಳದ ಪುಡಿ ಕದಡಿ, ಬಟ್ಟೆಯಲ್ಲಿ ಅದ್ದಿ, ಹುರಿಯ ಉದ್ದಕ್ಕೂ ಹಿಂಡುತ್ತ ಎಳೆದೆ. ಬೆರಳು ಅಂಟಂಟು, ಇಡೀ ಜಗಲಿ ಧೂಪ ಹಾಕಿದ ಹಾಗೆ ಘಮ. ನಾಲ್ಕು ದಿನ, ದಿನಕ್ಕೆರಡು ಸಲ ಬಿಗಿದೆ. ಎರಡನೇ ದಿನದ ಹೊತ್ತಿಗೆ ಆರು ಅಡಿ ಹುರಿ ಒಂದು ಬೆರಳಿನಷ್ಟು ಉದ್ದವಾಗಿತ್ತು. ಮೂರನೇ ದಿನ ಅರ್ಧ ಬೆರಳು. ನಾಲ್ಕನೇ ದಿನ ಏನೂ ಇಲ್ಲ. ಆ ಹುರಿ ಇವತ್ತಿಗೂ ಗಾಡಿಯಲ್ಲಿದೆ. ಗುರುತಿನಿಂದ ಎರಡು ಬೆರಳು ಆಚೀಚೆ ಬಂದು ನಿಲ್ಲುತ್ತದೆ, ಅದಕ್ಕಿಂತ ಹೆಚ್ಚಿಲ್ಲ.

ಗಾಡಿಯ ಮೇಲೆ ಗುಡಿ ಕಟ್ಟಲಿಲ್ಲ. ಬೆಂಕಿ, ಹಾಲು, ಚಿರತೆ ಯಾವುದೂ ನನ್ನ ಕೈಯಲ್ಲಾಗುವ ಕೆಲಸವಲ್ಲ. ಹೆರೋನ್ ಹೇಳಿದ ಸುರಕ್ಷಿತ ದಾರಿಗೆ ಬಂದೆ.

ನಿಂತ ಆಟದ ಕಥೆ ನೌಪ್ಲಿಯೋಸನದು. ಮೂಲದಲ್ಲಿ ಇದು ಬೈಜಾಂಟಿಯಂನ ಫಿಲೋನನ ಆಟ. ಹೆರೋನ್ ಅವನಿಗಿಂತ ಸುಮಾರು ಮುನ್ನೂರು ವರ್ಷ ಈಚಿನವನು, ಹಿರಿಯನ ಕೆಲಸವನ್ನು ಮೆಚ್ಚಿಕೊಂಡೇ ಎಲ್ಲೆಲ್ಲಿ ಸರಿಯಿಲ್ಲ ಅಂತಲೂ ಹೇಳುತ್ತಾನೆ. ಟ್ರಾಯ್ ಯುದ್ಧದಲ್ಲಿ ಒಡಿಸ್ಯೂಸನ ಕುತಂತ್ರದಿಂದ ಪಲಮೆಡೆಸ್ ಎಂಬವನು ಸಾಯುತ್ತಾನೆ. ಅವನ ಅಪ್ಪ ನೌಪ್ಲಿಯೋಸ್ ಸೇಡಿಗೆ ಕಾಯುತ್ತಾನೆ. ಯುದ್ಧ ಮುಗಿಸಿ ಗ್ರೀಕರ ಹಡಗುಗಳು ಊರಿಗೆ ಮರಳುವಾಗ ಯುಬೋಯಾ ದ್ವೀಪದ ಬಂಡೆಗಳ ಮೇಲೆ ಸುಳ್ಳು ದೀಪ ಹಚ್ಚುತ್ತಾನೆ. ಬಂದರು ಅಂದುಕೊಂಡು ಬಂದ ಹಡಗುಗಳು ಒಡೆಯುತ್ತವೆ. ಈಜುತ್ತಿದ್ದ ಅಜಾಕ್ಸನಿಗೆ ಅಥೀನಾ ದೇವಿಯ ಸಿಡಿಲು ಬಡಿಯುತ್ತದೆ. ಐದು ದೃಶ್ಯ, ಪ್ರತಿ ದೃಶ್ಯಕ್ಕೂ ಬಾಗಿಲು ತೆರೆದು ಮುಚ್ಚುತ್ತದೆ.

ಮೊದಲ ದೃಶ್ಯ ನನಗೆ ಬಹಳ ಇಷ್ಟ. ಯಾಕೆಂದರೆ ಅದರಲ್ಲಿ ಇರುವವರು ಬಡಗಿಗಳು. ಹನ್ನೆರಡು ಜನ, ಮೂರು ಸಾಲು, ಹಡಗು ರಿಪೇರಿ ಮಾಡುತ್ತಿದ್ದಾರೆ. ಒಬ್ಬ ಗರಗಸ ಎಳೆಯುತ್ತಾನೆ, ಒಬ್ಬ ಕೊಡಲಿ ಬೀಸುತ್ತಾನೆ, ಒಬ್ಬ ಸುತ್ತಿಗೆ ಹೊಡೆಯುತ್ತಾನೆ, ಸದ್ದೂ ಕೇಳಬೇಕು. ನಾನು ಹನ್ನೆರಡರ ಬದಲು ಮೂವರನ್ನು ಮಾಡಿದೆ.

ಸುತ್ತಿಗೆಯವನನ್ನು ಹತ್ತಿರದಿಂದ ನೋಡಿ. ಮೈ ಹಲಗೆಯ ಮೇಲೆ ಬರೆದ ಚಿತ್ರ. ಬಲಗೈ ಮಾತ್ರ ಬೇರೆ ತುಂಡು, ಹಾಲೆ ಮರದ್ದು, ಚನ್ನಪಟ್ಟಣದ ಬೊಂಬೆಗೆ ಬಳಸುವ ಮರ. ಉಳಿ ಇಟ್ಟರೆ ಬೆಣ್ಣೆ. ಕೈ ಒಂದು ಕಡ್ಡಿಗೆ ಅಂಟಿದೆ, ಕಡ್ಡಿ ಹಲಗೆಯ ತೂತಿನೊಳಗೆ ಹಾದು ಹಿಂದೆ ಬಂದಿದೆ, ಹಿಂದೆ ಅದಕ್ಕೊಂದು ಬಾಲ. ಬಾಲದ ಪಕ್ಕದಲ್ಲಿ ತಿರುಗುವ ಬಿಲ್ಲೆ, ಅದರ ಅಂಚಿನಲ್ಲಿ ಹಲ್ಲುಗಳು. ಹೆರೋನ್ ನಕ್ಷತ್ರದಂಥ ಚಕ್ರ ಕೊರೆಯುತ್ತಾನೆ, ನಾನು ದುಂಡು ಬಿಲ್ಲೆಗೆ ಹನ್ನೆರಡು ಬಿದಿರುಕಡ್ಡಿ ನೆಟ್ಟೆ. ಕಡ್ಡಿ ಬಂದು ಬಾಲವನ್ನು ಒತ್ತುತ್ತದೆ, ಮುಂದೆ ಸುತ್ತಿಗೆ ಏಳುತ್ತದೆ. ಕಡ್ಡಿ ಜಾರುತ್ತದೆ, ಸುತ್ತಿಗೆ ಬೀಳುತ್ತದೆ, ಟಕ್. ಮೊದಲಿಗೆ ಎದ್ದ ಕೈ ಬೀಳುತ್ತಲೇ ಇರಲಿಲ್ಲ, ಬಾಲ ಉದ್ದವಾಗಿ ತಕ್ಕಡಿಯ ಹಾಗೆ ಸಮತೂಕವಾಗಿಬಿಟ್ಟಿತ್ತು. ಸುತ್ತಿಗೆಯ ತಲೆಗೆ ಒಂದು ಮೊಳೆ ಹೊಡೆದು ಭಾರ ಮಾಡಿದೆ, ಸರಿಯಾಯಿತು. ಭಾರ ಪೂರ್ತಿ ಇಳಿಯುವಷ್ಟರಲ್ಲಿ ಅಚ್ಚು ಎಂಟು ಸುತ್ತು, ಸುತ್ತಿಗೆ 96 ಏಟು.

ಹನ್ನೆರಡು ಕಡ್ಡಿಗಳಲ್ಲಿ ಒಂದು ನನ್ನ ಕೈತಪ್ಪಿನಿಂದ ಸ್ವಲ್ಪ ಆಚೆ ನೆಟ್ಟಿದೆ. ಹಾಗಾಗಿ ಹನ್ನೊಂದು ಏಟು ಸಮ, ಹನ್ನೆರಡನೆಯದು ಒಂದು ಕ್ಷಣ ತಡ. ಕೀಳಬೇಕು ಅಂತ ಇಕ್ಕಳ ತೆಗೆದುಕೊಂಡವನು ಹಾಗೇ ಇಟ್ಟೆ. ಆ ತಡೆದು ಹೊಡೆಯುವ ಏಟಿನಲ್ಲೇ ಅವನು ಮನುಷ್ಯನ ಹಾಗೆ ಕಾಣುವುದು, ಮೊಳೆ ನೆಟ್ಟಗಿದೆಯಾ ಅಂತ ನೋಡಿಕೊಂಡವನ ಹಾಗೆ.

ಬಾಗಿಲು, ಅದರ ಕಂಬವನ್ನು ನೆಲದ ಕೆಳಗೆ ಚಾಚಿ ಗಾಡಿಯ ದಾರದ ಹಾಗೇ ಎರಡು ದಿಕ್ಕಿಗೆ ಸುತ್ತಿದ್ದು, ಸುಲಭಕ್ಕೆ ಬಂತು. ಡಾಲ್ಫಿನ್ ಇನ್ನೂ ಸುಲಭ. ನೆಲದಲ್ಲಿ ಸೀಳು, ಕೆಳಗೆ ತಿರುಗುವ ಬಿಲ್ಲೆಗೆ ಕಡ್ಡಿ, ಕಡ್ಡಿಯ ತುದಿಯಲ್ಲಿ ಮೀನು. ಏಳುತ್ತದೆ, ಮುಳುಗುತ್ತದೆ. ಹಡಗುಗಳ ಸಾಲನ್ನು ಹೆರೋನ್ ಪ್ಯಾಪಿರಸ್ ಸುರುಳಿಯ ಮೇಲೆ ಬರೆಸಿ ಒಂದು ಕೋಲಿನಿಂದ ಇನ್ನೊಂದಕ್ಕೆ ಸುತ್ತಿಸುತ್ತಾನೆ. ನಾನು ಟೈಲರ್ ಅಂಗಡಿಯ ಕ್ಯಾನ್ವಾಸ್ ಪಟ್ಟಿ ತಂದೆ.

ಗುಡುಗಿಗೆ ಸೀಸದ ಗುಂಡುಗಳು ಒಣಗಿದ ಬಿಗಿ ಚರ್ಮದ ಮೇಲೆ ಬೀಳಬೇಕು. ಸೈಕಲ್ ಬಾಲ್ಸ್ ಹಿಡಿದುಕೊಂಡು, ಪರಿಚಯದವರಿಂದ ತಂದ ಹಳೆಯ ತಮಟೆ ಇಟ್ಟೆ. ಜುಲೈ ತಿಂಗಳು. ಥಪ್ ಥಪ್, ಹಸಿ ಹಿಟ್ಟಿನ ಮೇಲೆ ಬಿದ್ದ ಹಾಗೆ. ತಮಟೆಯವರು ಬಾರಿಸುವ ಮೊದಲು ಬೆಂಕಿಗೆ ಹಿಡಿಯುವುದು ಯಾಕೆ ಅಂತ ಆಗ ನೆನಪಾಯಿತು. ಒಲೆಯ ಮುಂದೆ ಹತ್ತು ನಿಮಿಷ ಕಾಸಿದ ಮೇಲೆ ಗುಡುಗಿತು. ಅಜಾಕ್ಸನ ಸಿಡಿಲು ಮಾಡಲಾಗಲಿಲ್ಲ. ಸಿಡಿಲು ಬೀಳಿಸುತ್ತೇನೆ ಅಂದ ಫಿಲೋನ್ ಅದು ಹೇಗೆ ಅಂತ ಬರೆದೇ ಇಲ್ಲ ಎಂದು ಹೆರೋನನೇ ದೂರುತ್ತಾನೆ, ಹಾಗಾಗಿ ನನಗೇನೂ ಬೇಸರವಿಲ್ಲ.

ಆಗಸ್ಟಿನಲ್ಲಿ ಒಂದು ಸಂಜೆ ಅಕ್ಕಪಕ್ಕದ ಮಕ್ಕಳು ಐದಾರು ಜನ ಬಂದರು. ಬಾಗಿಲು ತೆರೆಯಿತು. ಮೂವರು ಬಡಗಿಗಳು ಟಕ್ ಟಕ್ ಅಂದರು. ಬಾಗಿಲು ಮುಚ್ಚಿತು, ತೆರೆಯಿತು, ಮೀನು ಹಾರಿತು, ಹಡಗು ಹೋಯಿತು. ಇಡೀ ಹೊತ್ತು ಒಬ್ಬ ಹುಡುಗ ಮುಂದೆ ನೋಡಲೇ ಇಲ್ಲ. ಹಿಂದೆ ಬಗ್ಗಿ, ಪೆಟ್ಟಿಗೆಯ ಕೆಳಗೆ ಕೈ ಹಾಕಿ, ಒಳಗೆ ಯಾರಿದ್ದಾರೆ ಅಂತ ಹುಡುಕುತ್ತಿದ್ದ. ಒಂದು ಮೊಳದ ಪೆಟ್ಟಿಗೆಯಲ್ಲಿ ಯಾರಿರುತ್ತಾರೋ ಅಂದೆ. "ಬೆಕ್ಕು" ಅಂದ.

ಗುಡುಗು ಮುಗಿದಿದ್ದೇ ಎಲ್ಲರೂ "ಇನ್ನೊಂದ್ಸಲ" ಅಂದರು. ಡ್ರಾಯರ್ ಎಳೆದು ಸಾಸಿವೆಯನ್ನು ಮೊರಕ್ಕೆ ಸುರಿದು, ಗೋಪುರಕ್ಕೆ ತುಂಬಿ, ಮೇಣ ಕಾಸಿ, ಚೀಟಿಯನ್ನು ಕೆಳಗಿನಿಂದ ಓದುತ್ತ ಸುತ್ತಲು ಕೂತೆ. ಎರಡು ನಿಮಿಷ ನಲವತ್ತು ಸೆಕೆಂಡಿನ ಆಟಕ್ಕೆ ದಾರ ಸುತ್ತಲು ಮುಕ್ಕಾಲು ಗಂಟೆ ಬೇಕು. ತಲೆ ಎತ್ತಿದಾಗ ಮಕ್ಕಳೆಲ್ಲ ಹೊರಗೆ ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದರು. ಬೆಕ್ಕು ಅಂದವನೊಬ್ಬ ಮಾತ್ರ ಉಳಿದುಕೊಂಡು, ನೆಲಕ್ಕೆ ಚೆಲ್ಲಿದ ಸಾಸಿವೆ ಕಾಳುಗಳನ್ನು ಒಂದೊಂದೇ ಹೆಕ್ಕಿ ಡ್ರಾಯರಿಗೆ ಹಾಕುತ್ತಿದ್ದ.